ಸೋಸಿದ ರಕ್ತಕ್ಕೆ ಹತ್ತುವ ತುಕ್ಕು

15 ಕಿಲೋ ತೂಗುವ ಮಗುವಿನ ಮೈಯಲ್ಲಿ ಇರುವ ರಕ್ತ ಒಂದೂಕಾಲು ಲೀಟರಿಗೂ ಕಡಿಮೆ. ಕಿಡ್ನಿ ಕೆಟ್ಟಾಗ ಯಂತ್ರದಿಂದ ರಕ್ತ ಸೋಸುವ ಡಯಾಲಿಸಿಸ್ ನಡೆಯುವಾಗ ಅದರ ಹತ್ತನೇ ಒಂದು ಪಾಲಿಗಿಂತ ಹೆಚ್ಚು ರಕ್ತ ಒಮ್ಮೆಗೇ ಮೈಯಿಂದ ಹೊರಗಿರದಂತೆ ವೈದ್ಯರು ನೋಡಿಕೊಳ್ಳುತ್ತಾರೆ. ಅದಕ್ಕೇ ಮಕ್ಕಳಿಗೆ ಪುಟ್ಟ ಫಿಲ್ಟರು, ಸಣ್ಣ ಕೊಳವೆ. ವಾರಕ್ಕೆ ಸಾಮಾನ್ಯವಾಗಿ ಮೂರು ಸಲ, ಪ್ರತಿ ಸಲವೂ ಸುಮಾರು 4 ಗಂಟೆ, ಅದೇ ರಕ್ತ ಮತ್ತೆ ಮತ್ತೆ ಯಂತ್ರ ಹೊಕ್ಕು ಬರುತ್ತದೆ. ಯೂರಿಯಾ, ಹೆಚ್ಚಾದ ಪೊಟ್ಯಾಸಿಯಂ, ನೀರು ಎಲ್ಲ ಹೊರಹೋಗುತ್ತವೆ. ಮಗು ಬದುಕುತ್ತದೆ. ಆದರೆ ಸೋಸುವ ಈ ಕೆಲಸವೇ ರಕ್ತದಲ್ಲಿ ಇನ್ನೊಂದು ಬಗೆಯ ಕೇಡನ್ನು ಕೆರಳಿಸುತ್ತದೆ.

ಫಿಲ್ಟರಿನೊಳಗೆ ಕೂದಲಿನಷ್ಟು ಸಪೂರವಾದ ಸಾವಿರಾರು ಪೊಳ್ಳು ಎಳೆಗಳಿವೆ. ಅವುಗಳ ಗೋಡೆ ಸೋಕಿದೊಡನೆ ರಕ್ತದ ಕಾವಲು ಕಣಗಳಾದ ನ್ಯೂಟ್ರೋಫಿಲ್‌ಗಳು ಯಾರೋ ಹೊರಗಿನವರು ನುಗ್ಗಿದರೆಂದು ತಿಳಿಯುತ್ತವೆ. ಬ್ಯಾಕ್ಟೀರಿಯಾ ಕೊಲ್ಲಲು ಇಟ್ಟುಕೊಂಡ ಅಸ್ತ್ರವನ್ನೇ ಹೊರತೆಗೆಯುತ್ತವೆ. ಅದು ಸೂಪರ್‌ಆಕ್ಸೈಡ್, ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಅಂಟಿಕೊಂಡ ಆಮ್ಲಜನಕ. ಇದರಿಂದ ಹುಟ್ಟುವ ಚುರುಕು ಅಣುಗಳು ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. ಹೆಚ್ಚಿದ ಬಾಳೆದಿಂಡು ಗಾಳಿಗೆ ಕಪ್ಪಾಗುವುದೂ ಕಬ್ಬಿಣ ತುಕ್ಕು ಹಿಡಿಯುವುದೂ ಇದೇ ಉತ್ಕರ್ಷಣೆಯ ಬೇರೆ ಬೇರೆ ರೂಪ. ಮೈಯಲ್ಲಿ ಅದು ತಡೆಯುವ ಶಕ್ತಿಯನ್ನು ಮೀರಿದಾಗ ಅದನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ.

ಕಾವಲು ಕಣಗಳು ಎಷ್ಟು ಕೆರಳುತ್ತವೆಂಬುದು ಗೋಡೆ ಯಾವುದರದ್ದು ಎಂಬುದರ ಮೇಲೂ ನಿಂತಿದೆ. 1943ರಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್ ಊರಿನಲ್ಲಿ ವೈದ್ಯ ವಿಲ್ಲೆಮ್ ಕೋಲ್ಫ್ ಕಟ್ಟಿದ ಮೊದಲ ಯಂತ್ರದಲ್ಲಿ ರಕ್ತ ಹರಿದದ್ದು ಸೆಲೋಫೇನ್ ಕೊಳವೆಯಲ್ಲಿ. ಆಮೇಲೆ ದಶಕಗಳ ಕಾಲ ಬಳಕೆಯಲ್ಲಿದ್ದದ್ದೂ ಸೆಲ್ಯುಲೋಸ್ ಪೊರೆಗಳೇ. ಅವು ಕಾವಲು ಕಣಗಳನ್ನು ಜೋರಾಗಿಯೇ ಕೆರಳಿಸುತ್ತಿದ್ದವು. ಈಗಿನ ಪಾಲಿಸಲ್ಫೋನ್ ಪೊರೆಗಳಲ್ಲಿ ಆ ಕೆರಳಿಕೆ ತಗ್ಗಿದೆ, ನಿಂತಿಲ್ಲ.

ನನಗೆ ಹೆಚ್ಚು ಸಂಕಟ ಅನಿಸುವುದು ಉತ್ಕರ್ಷಣೆಯನ್ನು ತಡೆಯುವ ಮೈಯ ತಡೆಗೋಡೆಯ ಪಾಡು. ಆರೋಗ್ಯವಂತ ಕಿಡ್ನಿ ಬರಿಯ ಜರಡಿಯಲ್ಲ. ರಕ್ತದಲ್ಲಿ ಹರಿಯುತ್ತ ಪೆರಾಕ್ಸೈಡುಗಳನ್ನು ತಣಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವ ಬಹುಪಾಲು ತಯಾರಾಗುವುದು ಅಲ್ಲಿಯೇ. ಯಂತ್ರಕ್ಕೆ ಅದನ್ನು ಮಾಡಲು ಬರುವುದಿಲ್ಲ. ಮೇಲಾಗಿ ವಿಟಮಿನ್ ಸಿ ಸಣ್ಣ ಅಣು, ಯೂರಿಯಾದ ಜೊತೆಗೆ ಅದೂ ಪೊರೆ ದಾಟಿ ಹೋಗಿಬಿಡುತ್ತದೆ. ಊಟದಿಂದ ತುಂಬಿಕೊಳ್ಳೋಣವೆಂದರೆ ಪೊಟ್ಯಾಸಿಯಂ ಭಯಕ್ಕೆ ಎಳನೀರು, ಬಾಳೆಹಣ್ಣು, ಕಿತ್ತಳೆ ಬೇಡ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬೇಕು. ಚೆಲ್ಲಿದ ನೀರಿನಲ್ಲಿ ವಿಟಮಿನ್ನೂ ಹೋಗುತ್ತದೆ. ರಕ್ತಹೀನತೆಗೆಂದು ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶ ಬೇಕೇ ಬೇಕು, ಆದರೆ ಬಿಡಿಯಾಗಿ ಉಳಿದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡನ್ನು ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗಿಸುತ್ತದೆ.

ಈ ಒತ್ತಡದ ಪೆಟ್ಟು ಬೀಳುವುದು ರಕ್ತನಾಳಗಳ ಒಳಪದರದ ಮೇಲೆ. ಅವು ದಪ್ಪವಾಗಿ ಬಿರುಸಾಗುತ್ತವೆ, ಹೃದಯಕ್ಕೆ ದುಡಿಮೆ ಹೆಚ್ಚುತ್ತದೆ. ಮುದುಕರಲ್ಲಿ ಕಾಣುವ ಕಾಯಿಲೆ ಶಾಲೆಗೆ ಹೋಗುವ ಮಗುವಿನ ಕತ್ತಿನ ನಾಳದಲ್ಲಿ ಕಾಣುತ್ತದೆ. 2019ರಲ್ಲಿ ಪ್ರಕಟವಾದ, ಹಲವು ದೇಶಗಳ ಮಕ್ಕಳನ್ನು ಒಳಗೊಂಡ ಅಧ್ಯಯನದಲ್ಲಿ, ಸಾಮಾನ್ಯ ಡಯಾಲಿಸಿಸ್ ಪಡೆದವರ ಕತ್ತಿನ ನಾಳದ ಗೋಡೆ ಒಂದು ವರ್ಷದಲ್ಲಿ ದಪ್ಪವಾಗಿತ್ತು. ಹೆಚ್ಚು ದ್ರವವನ್ನು ಸೆಳೆದು ಶುದ್ಧ ದ್ರವ ತುಂಬುವ ಹಿಮೋಡಯಾಫಿಲ್ಟ್ರೇಶನ್ ಪಡೆದವರಲ್ಲಿ ಅದು ಹೆಚ್ಚುಕಡಿಮೆ ಇದ್ದಂತೆಯೇ ಇತ್ತು.

ಹಾಗೆಂದು ತಾಯ್ತಂದೆಯರು ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ಕೊಡಬಾರದು. ವಿಟಮಿನ್ ಸಿ ಅತಿಯಾದರೆ ಆಕ್ಸಲೇಟ್ ಆಗಿ ಮೈಯಲ್ಲೇ ಕೂರುತ್ತದೆ, ವಿಟಮಿನ್ ಎ ಕೂಡ ಹೊರಹೋಗದೆ ಶೇಖರವಾಗುತ್ತದೆ. ಎಷ್ಟು ಬೇಕೆಂದು ಮಕ್ಕಳ ಕಿಡ್ನಿ ವೈದ್ಯರೇ ಹೇಳಬೇಕು.

ಕಿಡ್ನಿ ಕಸಿಯಾಗಿ ಚೆನ್ನಾಗಿ ಕೆಲಸ ಮಾಡತೊಡಗಿದರೆ ಈ ಒತ್ತಡ ಇಳಿಯುತ್ತದೆ. ಕಿಣ್ವ ಮತ್ತೆ ತಯಾರಾಗುತ್ತದೆ, ಹಣ್ಣು ಮತ್ತೆ ತಟ್ಟೆಗೆ ಬರುತ್ತದೆ. ಕರ್ನಾಟಕದಲ್ಲಿ ಮೃತರ ಅಂಗದಾನದ ಹೊಣೆ ಹೊತ್ತಿರುವುದು ಸರ್ಕಾರದ ‘ಜೀವಸಾರ್ಥಕತೆ’. ಹೆಸರು ನೋಂದಾಯಿಸಿ. ನೋಂದಾಯಿಸಿದ್ದನ್ನು ಮನೆಯವರಿಗೂ ಹೇಳಿಡಿ, ಆ ಗಳಿಗೆಯಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.