ಬಾಯಿಚಪಲಕ್ಕೆ ಕಲ್ಯಾಣದ ಅಳತೆ

ಸಂಜೆ ಆರರ ಹೊತ್ತು. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದಿನಲ್ಲಿ ಬಸ್ಸಿನಿಂದ ಇಳಿದವರನ್ನು ಕಾದ ಎಣ್ಣೆಯ ಘಮಲು ಸ್ವಾಗತಿಸುತ್ತದೆ. ಒಂದು ಬಂಡಿಯಲ್ಲಿ ಮಿರ್ಚಿ ಭಜಿ, ಪಕ್ಕದಲ್ಲಿ ಜಿಲೇಬಿ, ಅದರಾಚೆ ಕುದಿಯುತ್ತಿರುವ ಚಹಾ. ಆಗಷ್ಟೇ ದವಾಖಾನೆಯಿಂದ ಹೊರಬಂದವನ ಕಿಸೆಯಲ್ಲಿ ‘ಸಿಹಿ, ಕರಿದದ್ದು ಬಿಡಬೇಕು’ ಎಂದು ಬರೆದ ಚೀಟಿ ಇರುತ್ತದೆ. ಕಾಲು ಮಾತ್ರ ಬಂಡಿಯ ಮುಂದೆ ನಿಂತಿರುತ್ತದೆ. ‘ಇವತ್ತೊಂದ್ ದಿನ ತಿಂದ್ರ ಏನಾಗ್ತದ್ರಿ?’ ಎನ್ನಲು ಜೊತೆಗಾರನೊಬ್ಬ ಇದ್ದೇ ಇರುತ್ತಾನೆ.

ಹೊಟ್ಟೆ ತುಂಬಿದ್ದರೂ ನಾಲಗೆ ಕೇಳುವ ಈ ಹಟಕ್ಕೆ ನಮ್ಮವರು ‘ಬಾಯಿಚಪಲ’ ಎಂದು ಹೆಸರಿಟ್ಟಿದ್ದಾರೆ. ಅದನ್ನು ಗೆಲ್ಲಲಾಗದವನಿಗೆ ಮನೆಯವರಿಂದ ಸಿಗುವುದು ‘ಮನಸ್ಸು ಗಟ್ಟಿಯಿಲ್ಲ’ ಎಂಬ ಬೈಗುಳ. ಆದರೆ ಇದು ಬರೀ ಮನಸ್ಸಿನ ಗಟ್ಟಿತನದ ಪ್ರಶ್ನೆಯೆ? ಹುಮನಾಬಾದಿನ ಪಶ್ಚಿಮಕ್ಕಿರುವ ಬಸವಕಲ್ಯಾಣದ ಚರಿತ್ರೆ ಈ ಪ್ರಶ್ನೆಗೆ ಕುತೂಹಲಕರ ಉತ್ತರಗಳನ್ನು ಇಟ್ಟುಕೊಂಡಿದೆ.

ಅರಮನೆಯ ಅಡುಗೆ

ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಅದೇ ವಂಶದ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ನೂರು ಅಧ್ಯಾಯಗಳ ಈ ವಿಶ್ವಕೋಶದಲ್ಲಿ ರಾಜನೀತಿಯೂ ಇದೆ, ಆನೆ ಕುದುರೆಗಳ ವಿಚಾರವೂ ಇದೆ, ‘ಅನ್ನಭೋಗ’ ಎಂಬ ಊಟದ ಪ್ರಕರಣವೂ ಇದೆ. ಉದ್ದಿನಿಂದ ಮಾಡಿ ಮೆಣಸು, ಜೀರಿಗೆ, ಇಂಗು ಬೆರೆಸಿದ ‘ಇಡ್ಡರಿಕಾ’ ನಮ್ಮ ಇಡ್ಲಿಯ ಪೂರ್ವಜ. ‘ದೋಸಕ’ ದೋಸೆಯಾಯಿತು, ‘ಪೋಲಿಕಾ’ ಹೋಳಿಗೆಯಾಯಿತು. ಮೊಸರಿನಲ್ಲಿ ನೆನೆಸಿದ ವಡೆ, ಸಕ್ಕರೆ ಬೆರೆತ ಶಿಖರಿಣಿ, ಬಗೆಬಗೆಯ ಮಾಂಸದ ಅಡುಗೆಗಳೂ ಅಲ್ಲಿವೆ.

ಇದು ಬರೀ ಭೋಗದ ಪಟ್ಟಿಯಲ್ಲ ಎಂಬುದು ಗಮನಾರ್ಹ. ಯಾವ ಋತುವಿನಲ್ಲಿ ಯಾವ ರುಚಿ ಹಿತ ಎಂಬ ವಿವೇಚನೆಯೂ ಗ್ರಂಥದಲ್ಲಿದೆ. ರಾಜನ ಮುಂದೆ ಎಲ್ಲವೂ ಇದ್ದರೂ ಎಲ್ಲವನ್ನೂ ಎಲ್ಲ ಕಾಲಕ್ಕೂ ಉಣ್ಣುವಂತಿರಲಿಲ್ಲ.

ಲಕ್ಕಮ್ಮನ ‘ಸಾಕು’

ಆ ಗ್ರಂಥ ರಚನೆಯಾದ ಕೆಲವು ದಶಕಗಳಲ್ಲೇ ಅದೇ ಕಲ್ಯಾಣದಲ್ಲಿ ಬೇರೊಂದು ಬಗೆಯ ಊಟದ ವಿಚಾರ ಹುಟ್ಟಿತು. ಬಸವಣ್ಣನವರ ನೇತೃತ್ವದ ಶರಣರಿಗೆ ಅನ್ನವೆಂದರೆ ಕಾಯಕದಿಂದ ಬಂದದ್ದು, ಲಿಂಗಕ್ಕೆ ಅರ್ಪಿಸಿದ್ದು, ದಾಸೋಹದಲ್ಲಿ ಹಂಚಿದ್ದು. ಹೀಗಾಗಿ ಅದು ಪ್ರಸಾದ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕತೆ ಇಲ್ಲಿ ನೆನಪಾಗುತ್ತದೆ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಮನೆಯಲ್ಲಿ ಬಡತನವಿದ್ದರೂ ಲಕ್ಕಮ್ಮ ಹಿಗ್ಗಲಿಲ್ಲ. ಈ ಹೆಚ್ಚಿನ ಅಕ್ಕಿ ಆಸೆಯಿಂದ ಬಂದದ್ದು, ಮೊದಲಿದ್ದಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆಕೆಯ ವಚನಗಳಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಈ ಪ್ರಸಂಗ ಬರುತ್ತದೆ. ಇಲ್ಲಿ ಅಕ್ಕಿಗೆ ಬಹಿಷ್ಕಾರವಿಲ್ಲ, ಉಪವಾಸದ ಹೊಗಳಿಕೆಯಿಲ್ಲ. ‘ಇಷ್ಟು ಸಾಕು’ ಎಂಬ ಗೆರೆ ಮೊದಲೇ ನಿಶ್ಚಯವಾಗಿತ್ತು ಎಂಬುದೇ ಮುಖ್ಯ. ಅಕ್ಕಿ ಕಣ್ಣಮುಂದೆ ಬಂದ ಮೇಲೆ ಆಕೆ ಅಳತೆ ಹುಡುಕಲಿಲ್ಲ.

ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯದು ಇನ್ನೊಂದು ದಾರಿ. ಆಕೆ ಒಂದು ವಚನದಲ್ಲಿ ಹಸಿವು, ತೃಷೆ, ನಿದ್ರೆಗಳನ್ನು ಎದುರಿಗೆ ನಿಂತ ಮನುಷ್ಯರಂತೆ ಕರೆದು, ಸ್ವಲ್ಪ ತಾಳಿ ಎನ್ನುತ್ತಾಳೆ. ಬಯಕೆಯನ್ನು ಇಲ್ಲವೆನ್ನದೆ, ಅದಕ್ಕೆ ಕೂಡಲೇ ಮಣಿಯದೆ, ತಡೆದು ನಿಲ್ಲಿಸುವ ರೀತಿ ಇದು. ಆಕೆಯ ಉದ್ದೇಶ ಅಧ್ಯಾತ್ಮವೇ ಹೊರತು ಆರೋಗ್ಯವಲ್ಲ ನಿಜ. ಆದರೂ ಈ ಉಪಾಯದ ಬೆಲೆ ಇಂದಿನ ವಿಜ್ಞಾನ ಓದಿದವರಿಗೆ ಬೇಗ ಅರ್ಥವಾಗುತ್ತದೆ.

ಹಸಿವು ಬೇರೆ, ಚಪಲ ಬೇರೆ

ಹಸಿವು ನಿಧಾನವಾಗಿ ಏರುತ್ತದೆ. ಯಾವ ಅನ್ನ ಕೊಟ್ಟರೂ ತಣಿಯುತ್ತದೆ. ಚಪಲ ಥಟ್ಟನೆ ಬರುತ್ತದೆ; ಅದಕ್ಕೆ ಜಿಲೇಬಿಯೇ ಬೇಕು, ಭಜಿಯೇ ಬೇಕು. ರೊಟ್ಟಿ, ಪುಂಡಿಪಲ್ಯ ಕೊಟ್ಟರೆ ತಿನ್ನಬಹುದೆ ಎಂದು ತನ್ನನ್ನೇ ಕೇಳಿಕೊಂಡರೆ ಎರಡರ ವ್ಯತ್ಯಾಸ ತಿಳಿಯುತ್ತದೆ. ‘ಹೌದು’ ಎಂದರೆ ಹಸಿವು, ‘ಬೇಡ, ಜಿಲೇಬಿಯೇ ಆಗಬೇಕು’ ಎಂದರೆ ಚಪಲ.

ಇದರ ಮೂಲ ಹೆಚ್ಚಾಗಿ ರೂಢಿಯಲ್ಲಿದೆ. ಅನ್ನದ ಜೊತೆ ಬರುವ ಸೂಚನೆಯನ್ನು ಕಂಡರೂ ಸಾಕು, ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ರಷ್ಯದ ವಿಜ್ಞಾನಿ ಪಾವ್ಲೊವ್ ನೂರು ವರ್ಷಗಳ ಹಿಂದೆಯೇ ತೋರಿಸಿದ್ದರು. ಮನುಷ್ಯನ ಮಿದುಳೂ ಹೀಗೆಯೇ ಕಲಿಯುತ್ತದೆ. ನಿತ್ಯ ಒಂದೇ ಹೊತ್ತಿಗೆ, ಒಂದೇ ಬಂಡಿಯ ಮುಂದೆ ತಿಂದವನಿಗೆ ಆ ಹೊತ್ತು, ಆ ವಾಸನೆಯೇ ಕರೆಯಾಗಿಬಿಡುತ್ತದೆ.

ಪೂರಾ ಬಿಟ್ಟುಬಿಡುತ್ತೇನೆ ಎಂಬ ಶಪಥ ಏಕೆ ಮುರಿಯುತ್ತದೆ? ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಏನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ಸ್ವಇಚ್ಛೆಯಿಂದ ಬಂದಿದ್ದ ಆ ಯುವಕರ ಮಾತು, ಯೋಚನೆ, ಕನಸೆಲ್ಲ ಊಟದ ಸುತ್ತಲೇ ತಿರುಗತೊಡಗಿದವು. ಕೆಲವರು ಪಾಕಶಾಸ್ತ್ರದ ಪುಸ್ತಕ ಓದುತ್ತ ಕೂತರು. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 1987ರಲ್ಲಿ ಪ್ರಕಟಿಸಿದ ಪ್ರಯೋಗವೂ ಪ್ರಸಿದ್ಧ. ಬಿಳಿಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ‘ಹೋಳಿಗೆ ನೆನೆಯಬಾರದು’ ಎಂದುಕೊಂಡವನ ಪಾಡೂ ಅಷ್ಟೆ. ಶಪಥ ಮುರಿದವನು ಹೇಡಿಯಲ್ಲ. ಆತ ಆರಿಸಿಕೊಂಡ ವಿಧಾನವೇ ದುರ್ಬಲ.

ಹಬ್ಬದೂಟ ನಿತ್ಯದೂಟವಾದಾಗ

ಹಿಂದಿನವರಿಗೆ ಚಪಲವಿರಲಿಲ್ಲವೆ? ಇತ್ತು. ಆದರೆ ಅದಕ್ಕೊಂದು ದಿನ ಗೊತ್ತಿತ್ತು. ಬೀದರ್ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆ ಬಂದರೆ ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಹಸಿಕಾಳು, ತರಕಾರಿ, ಸೊಪ್ಪು ಸೇರಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಜೋಳದ ಅಂಬಲಿ ಬುತ್ತಿಯಲ್ಲಿರುತ್ತವೆ. ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿದ ಮೇಲೆಯೇ ಮನುಷ್ಯರ ಊಟ. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ಬೆಂಡು ಬತ್ತಾಸು, ಮಾಣಿಕನಗರದ ದತ್ತ ಜಯಂತಿಯಲ್ಲಿ ಪಂಕ್ತಿಯ ಪ್ರಸಾದ, ರಂಜಾನಿನಲ್ಲಿ ಸಂಜೆಯ ಬಾಂಗಿನವರೆಗೆ ಕಾದು ತಿನ್ನುವ ಖರ್ಜೂರ. ಎಲ್ಲ ಕಡೆಯೂ ಸೂತ್ರ ಒಂದೇ: ಗೊತ್ತಾದ ಹೊತ್ತು, ತಿನ್ನುವ ಮುನ್ನ ಒಂದು ತಡೆ, ಹಂಚಿಕೊಂಡ ತುತ್ತು. ಸಿಹಿಗೆ ನಿಷೇಧವಿರಲಿಲ್ಲ, ಪಂಚಾಂಗವಿತ್ತು.

ಈಗ ಜಾತ್ರೆಯ ತಿಂಡಿ ಬಸ್ ನಿಲ್ದಾಣದಲ್ಲಿ ದಿನವೂ ಸಿಗುತ್ತದೆ. ಸಿಹಿಗೆ ಹುಣ್ಣಿಮೆ ಅಮಾವಾಸ್ಯೆ ಬೇಕಿಲ್ಲ. ಹೊಲದ ದುಡಿಮೆ ಕಡಿಮೆಯಾಗಿ ಕೂತು ಮಾಡುವ ಕೆಲಸ ಹೆಚ್ಚಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿ 10 ಲಕ್ಷ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಅದರ ಹೊಸ್ತಿಲಲ್ಲಿ ಇರುವವರು 13 ಕೋಟಿ 60 ಲಕ್ಷ.

ಚಹಾದ ಲೆಕ್ಕವೊಂದನ್ನೇ ನೋಡೋಣ. ಒಂದು ಚಹಾಕ್ಕೆ ಎರಡು ಚಮಚ ಸಕ್ಕರೆ ಎಂದರೆ 8ರಿಂದ 10 ಗ್ರಾಂ. ದಿನಕ್ಕೆ ಐದು ಚಹಾ ಕುಡಿದರೆ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ಇಂಥ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕಿಂತ, ಅಂದರೆ ಸುಮಾರು 25 ಗ್ರಾಮಿಗಿಂತ ಕೆಳಗಿದ್ದರೆ ಇನ್ನೂ ಒಳಿತು. ಜಿಲೇಬಿಯ ಮಾತು ಬರುವ ಮೊದಲೇ ಚಹಾ ಆ ಗಡಿ ದಾಟಿರುತ್ತದೆ.

ಮಾಡಬಹುದಾದದ್ದೇನು?

ಮೊದಲನೆಯದು, ಹೊಟ್ಟೆಯನ್ನು ಸರಿಯಾಗಿ ತುಂಬಿಸುವುದು. ಮಧ್ಯಾಹ್ನದ ಊಟ ತಪ್ಪಿಸಿದವನೇ ಸಂಜೆ ಬಂಡಿಯ ಮುಂದೆ ಸೋಲುವುದು. ಇಲ್ಲಿ ಈ ನೆಲದ ಊಟವೇ ನೆರವಿಗೆ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಒಂದಿಷ್ಟು ಶೇಂಗಾ ಹಿಂಡಿ ಇದ್ದರೆ ಹೊಟ್ಟೆ ಬಹಳ ಹೊತ್ತು ತಡೆಯುತ್ತದೆ. ಹಾಗೆಂದು ಜೋಳವೇನೂ ಮಂತ್ರದಂಡವಲ್ಲ. ರೊಟ್ಟಿಗೂ ಲೆಕ್ಕ ಬೇಕು.

ಎರಡನೆಯದು, ತಡೆ. ಚಪಲ ಅಲೆಯಂತೆ ಏರಿ ಇಳಿಯುತ್ತದೆ. ‘ತಿನ್ನಬಾರದು’ ಎಂದು ಜಗಳಕ್ಕೆ ನಿಲ್ಲದೆ ‘ಕಾಲು ತಾಸು ಬಿಟ್ಟು ನೋಡೋಣ’ ಎಂದುಕೊಂಡು ನೀರು ಕುಡಿದು, ನಾಲ್ಕು ಹೆಜ್ಜೆ ನಡೆದರೆ ಎಷ್ಟೋ ಸಲ ಅದು ತಾನೇ ತಗ್ಗುತ್ತದೆ.

ಮೂರನೆಯದು, ಕರೆಯಿಂದ ದೂರವಿರುವುದು. ಬಂಡಿಯ ದಾರಿ ಬಿಟ್ಟು ಪಕ್ಕದ ಓಣಿ ಹಿಡಿಯುವುದು, ಕರಿದ ತಿಂಡಿಯ ಡಬ್ಬಿಯನ್ನು ಕೈಗೆಟುಕದ ನಾಗೊಂದಿಗೆಯ ಮೇಲಿಡುವುದು ಸಣ್ಣ ಕೆಲಸಗಳೇ. ಆದರೆ ಶಪಥಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ನಿದ್ದೆಗೆಟ್ಟ ಮರುದಿನ ಚಪಲ ಹೆಚ್ಚುವುದರಿಂದ ನಿದ್ದೆಯೂ ಪಥ್ಯದ ಭಾಗವೇ.

ನಾಲ್ಕನೆಯದು, ಅಳತೆಯನ್ನು ಮೊದಲೇ ನಿಶ್ಚಯಿಸುವುದು. ವಾರಕ್ಕೊಂದು ಸಂಜೆ, ಎರಡು ಭಜಿ, ಜೊತೆಗಾರನೊಂದಿಗೆ ಹಂಚಿಕೊಂಡು, ಕೂತು ತಿನ್ನುವುದು. ಚಹಾದ ಸಕ್ಕರೆಯನ್ನು ಒಮ್ಮೆಗೇ ಬಿಡುವ ಬದಲು ಅರ್ಧ ಚಮಚದಂತೆ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ. ಒಂದು ದಿನ ಗೆರೆ ದಾಟಿದರೆ ಮರುದಿನ ಉಪವಾಸದ ಶಿಕ್ಷೆ ಬೇಡ. ಮುಂದಿನ ಊಟ ಎಂದಿನಂತೆ ಇರಲಿ.

ಕೆಲವು ಎಚ್ಚರಿಕೆಗಳೂ ಅಗತ್ಯ. ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನುವ ಬಯಕೆ ಬರೀ ಚಪಲವಾಗಿರದೆ ಕಬ್ಬಿಣಾಂಶದ ಕೊರತೆಯ ಗುರುತಾಗಿರಬಹುದು. ಅದರಲ್ಲೂ ಗರ್ಭಿಣಿಯರು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹಠಾತ್ತನೆ ಬೆವರು, ನಡುಕ, ತಡೆಯಲಾಗದ ಹಸಿವು ಬಂದರೆ ಅದು ರಕ್ತದಲ್ಲಿ ಸಕ್ಕರೆ ಇಳಿದ ಲಕ್ಷಣವಿರಬಹುದು. ಆಗ ಕಾಯುತ್ತ ಕೂರದೆ ತಕ್ಷಣ ಸಕ್ಕರೆ ತಿನ್ನಬೇಕು. ಇಂಥವರು ವ್ರತ, ರೋಜಾ ಹಿಡಿಯುವ ಮುನ್ನ ವೈದ್ಯರನ್ನು ಕೇಳಬೇಕು. ಕೈಮೀರಿ ತಿಂದು ಆಮೇಲೆ ಕೊರಗುವುದು ಪದೇಪದೇ ನಡೆಯುತ್ತಿದ್ದರೆ ಅದಕ್ಕೂ ಚಿಕಿತ್ಸೆಯಿದೆ, ನಾಚಿಕೆ ಪಡಬೇಕಾಗಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಎಲ್ಲರಿಗೂ ಬಾಯಿಪಾಠ. ಗಾದೆ ಊಟ ಬಿಟ್ಟವನನ್ನು ಹೊಗಳಿಲ್ಲ, ಬಲ್ಲವನನ್ನು ಹೊಗಳಿದೆ. ಹುಮನಾಬಾದಿನ ಬಂಡಿಯ ಮುಂದೆ ನಿಂತವನು ನಾಳೆಯೂ ಅದೇ ದಾರಿಯಲ್ಲಿ ಬರಬೇಕು, ಎಣ್ಣೆಯ ಘಮಲೂ ಅಲ್ಲೇ ಇರುತ್ತದೆ. ಮನೆ ಬಿಡುವ ಮೊದಲೇ ‘ಇವತ್ತು ಎಷ್ಟು?’ ಎಂಬುದನ್ನು ಲಕ್ಕಮ್ಮನಂತೆ ತೀರ್ಮಾನಿಸಿ ಬಂದಿದ್ದರೆ, ಜೊತೆಗಾರನ ಪ್ರಶ್ನೆಗೆ ಆತ ಉತ್ತರ ಹುಡುಕಬೇಕಾಗಿಲ್ಲ.