ಕಿಸೆಯಾಗ ಕ್ಯಾಮರಾ ಐತಿ, ನೋಡೂ ಕಣ್ಣು ಬೇಕು!

ಬೈಲಹೊಂಗಲ: ಒಂದು ಕಾಲಕ್ಕೆ ಫೋಟೋ ಅಂದರೆ ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ ಸ್ಟುಡಿಯೋಕ್ಕೆ ಹೋಗುವ ಕೆಲಸ. ರೀಲಿಗೆ 36 ಫೋಟೋ. ಒಂದು ಕೆಟ್ಟರೆ ದುಡ್ಡು ದಂಡ. ಈಗ ಕಂಡಕ್ಟರನ ಕಿಸೆಯಿಂದ ಹಿಡಿದು ಕಾಯಿಪಲ್ಲೆ ಮಾರುವ ಅವ್ವನ ಚೀಲದವರೆಗೆ ಮೊಬೈಲ್ ಕ್ಯಾಮರಾ ಸೇರಿದೆ. ಖರ್ಚಿಲ್ಲವೆಂದು ಕಂಡಕಂಡದ್ದಕ್ಕೆಲ್ಲ ಒತ್ತುವವರೇ ಬಹಳ. ದಿನಕ್ಕ ನೂರು ತೆಗೀತಾರ, ಒಂದನ್ನೂ ತಿರುಗಿ ನೋಡೂದಿಲ್ಲ.

ಕಲಿಯುವ ಮನಸ್ಸಿದ್ದರೆ ನಮ್ಮ ಸೀಮೆಯಂಥ ಶಾಲೆ ಇನ್ನೊಂದಿಲ್ಲ. ಕಿತ್ತೂರ ಕೋಟೆಗೆ ಹೋಗಿರಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ ನೆಲ. ನಡುಮಧ್ಯಾಹ್ನ ತೆಗೆದರೆ ಅಲ್ಲಿಯ ಮುರುಕು ಗೋಡೆ ಬರೇ ಗೋಡೆ. ಮುಂಜಾನೆ, ಇಲ್ಲವೇ ಹೊತ್ತು ಇಳಿಯುವಾಗ ಓರೆ ಬಿಸಿಲು ಬಿದ್ದರೆ ಒಂದೊಂದು ತಗ್ಗು-ದಿಣ್ಣೆಗೂ ನೆರಳು ಹುಟ್ಟುತ್ತದೆ. ಅದೇ ಗೋಡೆ ಕಥಿ ಹೇಳತೈತಿ.

1850ರ ದಶಕದಲ್ಲೇ ಕರ್ನಲ್ ಬಿಗ್ಸ್, ಡಾಕ್ಟರ್ ಪಿಗೌ ಎಂಬವರು ಧಾರವಾಡ ಸೀಮೆಯ ಗುಡಿಗಳ ಫೋಟೋ ತೆಗೆದರು. 1866ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾದವು. ಅವರಿಗೆ ದಾರಿ ತೋರಿದ್ದೂ ಇದೇ ಬಿಸಿಲು.

ಎರಡನೇ ಪಾಠ ಸವದತ್ತಿಯದು. ಮೊಬೈಲಿನ ಸೆಟ್ಟಿಂಗಿನಲ್ಲಿ 'ಗ್ರಿಡ್' ಹಾಕಿದರೆ ಪರದೆ ಒಂಬತ್ತು ಚೌಕವಾಗುತ್ತದೆ. ನವಿಲುತೀರ್ಥದ ಹಿನ್ನೀರು ಮುಗಿಲು ಮುಟ್ಟುವ ಗೆರೆಯನ್ನು ನಟ್ಟನಡುವೆ ಇಡಬೇಡಿರಿ. ಮೇಲಿನ ಗೆರೆಗೋ ಕೆಳಗಿನ ಗೆರೆಗೋ ಕೂಡಿಸಿರಿ. ಮುಗಿಲು ಚಂದ ಇದ್ದರ ಮುಗಿಲಿಗೆ ಜಾಗ, ನೀರು ಚಂದ ಇದ್ದರ ನೀರಿಗೆ ಜಾಗ.

ಮೂರನೆಯದು ರಾಮದುರ್ಗದ ಕಡೆ ಮಗ್ಗದ ಮನೆಯಲ್ಲಿ. ಕಿಟಕಿ ಎದುರಿಗೆ ಕುಳಿತ ನೇಕಾರನನ್ನು ಹಿಂದಿನಿಂದ ತೆಗೆದರೆ ಆತ ಕಪ್ಪು ಬೊಂಬೆ. ಕಿಟಕಿಯ ಬೆಳಕಿಗೇ ಯಂತ್ರ ಮೋಸ ಹೋಗುತ್ತದೆ. ನೀವು ಕಿಟಕಿಯ ಕಡೆ ಬೆನ್ನು ಮಾಡಿ, ಪರದೆಯ ಮೇಲೆ ಆತನ ಮುಖದ ಮೇಲೆ ಬೆರಳಿಟ್ಟು ಒತ್ತಿರಿ. ಝೂಮ್ ಬೇಡ, ನಾಲ್ಕು ಹೆಜ್ಜೆ ಹತ್ತಿರ ಹೋಗ್ರಿ. ಲೆನ್ಸಿನ ಜಿಡ್ಡನ್ನು ಮೊದಲು ಒರೆಸಿರಿ.

ಅಂಗಡಿಕಾರರಿಗೂ ಇದರಲ್ಲಿ ಲಾಭವಿದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಸೀರೆಯ ಫೋಟೋದಲ್ಲಿ ಬಣ್ಣ ಒಂದು ಹೋಗಿ ಇನ್ನೊಂದು. ಗಿರಾಕಿ ಜಗಳಕ್ಕೇ ಬರತಾನ. ಬಾಗಿಲ ನೆರಳಿಗೆ ತಂದು ತೆಗೆದರೆ ಆ ತಂಟೆಯಿಲ್ಲ.

ಕೊನೆಯ ಮಾತು ಗಟ್ಟಿಯಾಗಿ ಹೇಳಬೇಕು. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರ ಹಾರುವುದು ಚಿತ್ರಕ್ಕೆ ಚಂದ, ಖರೆ. ಆದರೆ ಜಳಕ ಮಾಡುವ ತಾಯಂದಿರ, ಹರಕೆ ಹೊತ್ತು ಅಳುವವರ ಮುಖ ಕೇಳದೆ ತೆಗೆದು ಊರೆಲ್ಲ ಹಂಚುವುದು ಕಲೆಯಲ್ಲ, ಕಳವು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆಯಿಂದಲೇ ನಿಷೇಧಿಸಿದ ನಾಡು ನಮ್ಮದು. ಆ ಬದುಕನ್ನು ಬಿಟ್ಟುಬಂದ ಹೆಣ್ಣುಮಗಳ ಮುಖ ಯಾರದೋ ಮೊಬೈಲಿನಲ್ಲಿ ತಿರುಗಿದರೆ, ಆಕೆಯ ಮಗಳ ಮದುವೆಯ ಮಾತು ಅಲ್ಲಿಗೇ ಮುರಿದೀತು. 'ಅಕ್ಕಾ, ತೆಗೀಲೇನು?' ಎಂದು ಕೇಳಲಿಕ್ಕೆ ರೊಕ್ಕ ಬೀಳುವುದಿಲ್ಲ. ಬ್ಯಾಡ ಅಂದರ ಮೊಬೈಲ್ ಕಿಸೆಕ್ಕ ಹಾಕ್ರಿ.