ಎರವಲು ತಂದ ಬಿಳಿ ಉಡುಪು

ಊಟಕ್ಕೆ ಕುಳಿತವರನ್ನು ಎಲೆಯ ಮುಂದಿನಿಂದ ಎಬ್ಬಿಸಬಾರದು ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಾರೆ. ಎಷ್ಟೇ ಸಿಟ್ಟಿದ್ದರೂ ಅದನ್ನು ಊಟ ಮುಗಿಯುವವರೆಗೆ ತಡೆದಿಟ್ಟುಕೊಳ್ಳಬೇಕು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಜೆರುಸಲೇಮ್ ನಗರದಲ್ಲಿ ಒಬ್ಬ ಮನುಷ್ಯನನ್ನು ಹಾಗೆ ಎಬ್ಬಿಸಿ ಕಳಿಸಿದರಂತೆ. ಆ ಕಥೆಯನ್ನು ಯಹೂದಿಗಳು ಪ್ರತಿ ವರ್ಷ ದುಃಖದಿಂದ ನೆನೆಯುತ್ತಾರೆ.

ಕಥೆ ಇರುವುದು ಅವರ ಪ್ರಾಚೀನ ಗ್ರಂಥ ತಾಲ್ಮುಡ್‌ನಲ್ಲಿ. ಜೆರುಸಲೇಮಿನ ಒಬ್ಬ ಸಿರಿವಂತನಿಗೆ ಕಮ್ಜಾ ಎಂಬ ಗೆಳೆಯನಿದ್ದ, ಬಾರ್ ಕಮ್ಜಾ ಎಂಬ ಹಗೆಯೂ ಇದ್ದ. ಸಿರಿವಂತ ಒಂದು ದಿನ ಔತಣ ಏರ್ಪಡಿಸಿ, ಗೆಳೆಯನನ್ನು ಕರೆತರಲು ಆಳನ್ನು ಕಳಿಸಿದ. ಹೆಸರು ಒಂದೇ ತರಹ ಇದ್ದುದರಿಂದ ಆಳು ತಪ್ಪಿ ಹಗೆಯನ್ನೇ ಕರೆತಂದ. ಬಾರ್ ಕಮ್ಜಾ ಬಂದು ಕುಳಿತಿರುವುದನ್ನು ನೋಡಿ ಯಜಮಾನನಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗು ಎಂದ.

“ಹೇಗೂ ಬಂದುಬಿಟ್ಟಿದ್ದೇನೆ, ಎಲ್ಲರೆದುರು ಮಾನ ಕಳೆಯಬೇಡ. ನಾನು ಉಂಡಷ್ಟಕ್ಕೆ ದುಡ್ಡು ಕೊಡುತ್ತೇನೆ” ಎಂದು ಅವನು ಬೇಡಿಕೊಂಡ. ಯಜಮಾನ ಒಪ್ಪಲಿಲ್ಲ. ಔತಣದ ಅರ್ಧ ಖರ್ಚು ಕೊಡುತ್ತೇನೆಂದ. ಆಗದು. ಇಡೀ ಖರ್ಚು ನನ್ನದೇ ಎಂದ. ಅದೂ ಆಗದು! ಯಜಮಾನ ಅವನ ಕೈ ಹಿಡಿದು ಎಬ್ಬಿಸಿ ಹೊರಗೆ ಹಾಕಿದ.

ಊರಿನ ಪಂಡಿತರೂ ಅಲ್ಲಿಯೇ ಊಟಕ್ಕೆ ಕುಳಿತಿದ್ದರು. ಯಾರೂ ಬಾಯಿ ಬಿಡಲಿಲ್ಲ. ಬಾರ್ ಕಮ್ಜಾನ ಎದೆಯಲ್ಲಿ ಹೆಚ್ಚು ಉರಿದದ್ದು ಆ ಮೌನವೇ. ಅವನು ರೋಮ್ ಚಕ್ರವರ್ತಿಯ ಬಳಿಗೆ ಹೋಗಿ, ಯಹೂದಿಗಳು ನಿನ್ನ ಮೇಲೆ ದಂಗೆ ಏಳುತ್ತಿದ್ದಾರೆ ಎಂದು ಚಾಡಿ ಹೇಳಿದ. ಅಲ್ಲಿಂದ ಹೊತ್ತಿದ ಕಿಡಿ ಕೊನೆಗೆ ನಗರವನ್ನೇ ಸುಟ್ಟಿತು ಎನ್ನುತ್ತದೆ ಕಥೆ.

ಮೂರು ವಾರಗಳ ದುಃಖ

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮನ್ನು ವಶಪಡಿಸಿಕೊಂಡು ಯಹೂದಿಗಳ ಮಹಾದೇವಾಲಯವನ್ನು ನಾಶಮಾಡಿತು. ಇದು ಇತಿಹಾಸ. ಅದೇ ಜಾಗದಲ್ಲಿದ್ದ ಮೊದಲ ದೇವಾಲಯವನ್ನು ಅದಕ್ಕೂ ಆರು ಶತಮಾನಗಳಿಗಿಂತ ಹಿಂದೆ ಬ್ಯಾಬಿಲೋನಿನವರು ಕೆಡವಿದ್ದರು. ಯುದ್ಧಕ್ಕೆ ತೆರಿಗೆ, ದಬ್ಬಾಳಿಕೆ, ಒಳಜಗಳ ಎಂದು ಇತಿಹಾಸಕಾರರು ಹಲವು ಕಾರಣ ಕೊಡುತ್ತಾರೆ. ಆದರೆ ತಾಲ್ಮುಡ್‌ನ ಪಂಡಿತರು ಶತ್ರುವಿನ ಕಡೆ ಮಾತ್ರ ಬೆರಳು ತೋರಿಸಿ ಸುಮ್ಮನಾಗಲಿಲ್ಲ. ನಮ್ಮೊಳಗಿನ ಕಾರಣವಿಲ್ಲದ ದ್ವೇಷವೇ ಎರಡನೆಯ ದೇವಾಲಯವನ್ನು ಕೆಡವಿತು ಎಂದು ಬರೆದಿಟ್ಟರು. ಔತಣದಲ್ಲಿ ಸುಮ್ಮನೆ ಕುಳಿತಿದ್ದ ತಮ್ಮವರ ತಪ್ಪನ್ನೂ ಮುಚ್ಚಿಡಲಿಲ್ಲ.

ಯಹೂದಿ ಪಂಚಾಂಗದ ತಮ್ಮೂಜ್ ಮಾಸದ 17ರಿಂದ ಆವ್ ಮಾಸದ 9ರವರೆಗೆ ಮೂರು ವಾರ ಶೋಕದ ಕಾಲ. ನಮ್ಮ ಲೆಕ್ಕದಲ್ಲಿ ಇದು ಜುಲೈ, ಆಗಸ್ಟ್ ಸುಮಾರಿಗೆ ಬರುತ್ತದೆ. ಆ ದಿನಗಳಲ್ಲಿ ಮದುವೆ ಇಲ್ಲ, ವಾದ್ಯ ಇಲ್ಲ. ಕೊನೆಯ ಒಂಬತ್ತು ದಿನ ಹಲವರು ಮಾಂಸ, ದ್ರಾಕ್ಷಾರಸ ಮುಟ್ಟುವುದಿಲ್ಲ. ಸಬ್ಬತ್ ದಿನಕ್ಕೆ ಮಾತ್ರ ವಿನಾಯಿತಿ. ‘ತಿಶಾ ಬೆ ಆವ್’ ಎಂಬ ಒಂಬತ್ತನೆಯ ದಿನ ಪೂರ್ತಿ ಉಪವಾಸ. ಹಿಂದಿನ ಸಂಜೆ ಸೂರ್ಯ ಮುಳುಗಿದಾಗಿನಿಂದ ಮರುದಿನ ಕತ್ತಲಾಗುವವರೆಗೆ ನೀರನ್ನೂ ಕುಡಿಯುವಂತಿಲ್ಲ. ಕಾಯಿಲೆಯವರಿಗೆ, ಪುಟ್ಟ ಮಕ್ಕಳಿಗೆ ಈ ಕಟ್ಟಳೆ ಇಲ್ಲ. ರಾತ್ರಿ ಮಂದ ಬೆಳಕಿನಲ್ಲಿ ಎಲ್ಲರೂ ನೆಲದ ಮೇಲೆ ಕುಳಿತು ‘ಪ್ರಲಾಪಗಳು’ ಗ್ರಂಥದ ಪಾರಾಯಣ ಕೇಳುತ್ತಾರೆ. ಚರ್ಮದ ಚಪ್ಪಲಿಯನ್ನೂ ಹಾಕುವುದಿಲ್ಲ.

ಭಾರತದ ಯಹೂದಿಗಳೂ ಇದನ್ನು ಆಚರಿಸುತ್ತ ಬಂದಿದ್ದಾರೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಜನ ಮರಾಠಿಯಲ್ಲಿ ಇದನ್ನು ‘ಬಿರಡ್ಯಾಚಾ ಸಣ’ ಎಂದು ಕರೆಯುತ್ತಿದ್ದರು. ಬಿರಡೆ ಎಂದರೆ ನೆನೆಸಿ, ಮೊಳಕೆ ಬರಿಸಿ, ಸಿಪ್ಪೆ ತೆಗೆದ ವಾಲ್ ಕಾಳಿನ ಅಡುಗೆ. ವಾಲ್ ನಮ್ಮ ಅವರೆಯ ಬಳಗದ್ದೇ. ಹಿದುಕಿದ ಬೇಳೆಯ ಸಾರು ಉಂಡವರಿಗೆ ಇದರ ರುಚಿ ಹೇಳಿಕೊಡಬೇಕಾಗಿಲ್ಲ.

ಮೆಲುದನಿಯ ಉತ್ತರ

ತಿಶಾ ಬೆ ಆವ್ ದಿನ ಯಹೂದಿಗಳು ಒಬ್ಬರಿಗೊಬ್ಬರು ‘ಶಾಲೋಮ್’ ಎಂದು ವಂದಿಸುವುದಿಲ್ಲ. ಸಾವಿನ ಮನೆಯಲ್ಲಿ ಕುಶಲ ಕೇಳುವುದುಂಟೇ? ಆದರೆ ಈ ಕಟ್ಟಳೆ ಗೊತ್ತಿಲ್ಲದವರು ಎದುರಾಗಿ ವಂದಿಸಿದರೆ? ಮುಖ ತಿರುಗಿಸಿ ಹೋಗಬಾರದು ಎನ್ನುತ್ತದೆ ಅವರ ಧರ್ಮಶಾಸ್ತ್ರ. ಮೆಲುದನಿಯಲ್ಲಿ ಉತ್ತರ ಕೊಡಬೇಕು. ಕಟ್ಟಳೆ ತುಸು ಸಡಿಲವಾದರೂ ಚಿಂತೆಯಿಲ್ಲ, ವಂದಿಸಿದವರ ಮನಸ್ಸು ನೋಯಬಾರದು. ಒಬ್ಬನ ಮಾನ ಕಳೆದದ್ದಕ್ಕಾಗಿ ಅಳುವ ದಿನವೇ ಇನ್ನೊಬ್ಬರ ಮಾನ ಕಳೆಯುವುದುಂಟೇ!

ಕಳೆದ ಶತಮಾನದಲ್ಲಿ ಜೆರುಸಲೇಮಿನಲ್ಲಿದ್ದ ಯಹೂದಿ ಧರ್ಮಗುರು ಅಬ್ರಹಾಂ ಐಸಾಕ್ ಕೂಕ್ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು. ಕಾರಣವಿಲ್ಲದ ದ್ವೇಷದಿಂದ ಹಾಳಾದದ್ದನ್ನು ಮತ್ತೆ ಕಟ್ಟಬೇಕಾದರೆ ಕಾರಣ ಕೇಳದ ಪ್ರೀತಿಯೇ ಬೇಕು ಎಂಬುದು ಅವರ ಮಾತಿನ ಸಾರ. ಹಾಗಾಗಿ ಈ ಮೂರು ವಾರಗಳಲ್ಲಿ ಚಾಡಿ ಮಾತು ಬಿಡಲು, ಮುನಿಸಿಕೊಂಡವರನ್ನು ಮಾತನಾಡಿಸಲು, ಇಲ್ಲದವರಿಗೆ ಕೊಡಲು ಅನೇಕ ಕುಟುಂಬಗಳು ಪ್ರಯತ್ನಿಸುತ್ತವೆ.

ಹುಣ್ಣಿಮೆಯ ಕುಣಿತ

ದುಃಖದ ದಿನ ಕಳೆದು ಆರನೆಯ ದಿನಕ್ಕೆ, ಆವ್ ಮಾಸದ 15ರಂದು ಹುಣ್ಣಿಮೆ. ಅಂದು ‘ತು ಬೆ ಆವ್’ ಎಂಬ ಸಂತೋಷದ ದಿನ. ಹಿಂದಿನ ಕಾಲದಲ್ಲಿ ಅಂದು ಜೆರುಸಲೇಮಿನ ಹುಡುಗಿಯರು ಬಿಳಿ ಉಡುಪು ತೊಟ್ಟು ದ್ರಾಕ್ಷಿ ತೋಟಗಳಿಗೆ ಹೋಗಿ ಕುಣಿಯುತ್ತಿದ್ದರು. ಆದರೆ ಒಂದು ನಿಯಮವಿತ್ತು. ಯಾರೂ ತಮ್ಮ ಸ್ವಂತ ಉಡುಪು ತೊಡುವಂತಿರಲಿಲ್ಲ, ಎಲ್ಲರೂ ಎರವಲು ತಂದೇ ತೊಡಬೇಕು. ರಾಜನ ಮಗಳೂ ಪ್ರಧಾನ ಅರ್ಚಕನ ಮಗಳಿಂದ ಕೇಳಿ ಪಡೆಯಬೇಕಿತ್ತು! ಯಾಕೆ ಗೊತ್ತೇ? ಒಳ್ಳೆಯ ಬಟ್ಟೆ ಇಲ್ಲದ ಹುಡುಗಿ ನಾಚಿ ತಲೆ ತಗ್ಗಿಸಬಾರದೆಂದು. ಎಲ್ಲರ ಮೈಮೇಲೂ ಎರವಲಿನದೇ ಇರುವಾಗ ಬಡವರ ಮಗಳು ಯಾರು, ಸಿರಿವಂತರ ಮಗಳು ಯಾರು ಎಂದು ಹೇಳುವುದು ಹೇಗೆ?

ಅಲ್ಲಿ ಔತಣದ ಮನೆಯಲ್ಲಿ ಇಡೀ ಖರ್ಚು ಕೊಡುತ್ತೇನೆಂದರೂ ಒಬ್ಬನ ಮಾನ ಉಳಿಯಲಿಲ್ಲ. ಇಲ್ಲಿ ತೋಟದಲ್ಲಿ ಕೈಯಲ್ಲಿ ಕಾಸಿಲ್ಲದ ಹುಡುಗಿಯ ಮಾನವನ್ನು ಇಡೀ ಊರೇ ಸೇರಿ ಕಾಯಿತು.

ಮದುವೆ ಮನೆಯಲ್ಲಿ, ಹುಟ್ಟುಹಬ್ಬದಲ್ಲಿ, ಶಾಲೆಯ ಊಟದ ಸಾಲಿನಲ್ಲಿ ಕರೆಯದೆ ಬಂದವರು, ತಪ್ಪಿ ಬಂದವರು, ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳದವರು ನಮ್ಮ ಕಣ್ಣಿಗೂ ಬೀಳುತ್ತಾರೆ. ಆಗ ಯಜಮಾನ ನಾವೇ ಆಗಿರಬೇಕೆಂದಿಲ್ಲ, ಪಕ್ಕದ ಎಲೆಯಲ್ಲಿ ಕುಳಿತವರಾಗಿದ್ದರೂ ಸಾಕು. ಜೆರುಸಲೇಮಿನ ಆ ಔತಣದಲ್ಲಿ ಬೇಕಾಗಿದ್ದದ್ದು ಯಾರಾದರೂ ಒಬ್ಬರ ಬಾಯಿಂದ ಒಂದೇ ಮಾತು: “ಇರಲಿ ಬಿಡಿ, ಅವರೂ ಕೂತು ಉಣ್ಣಲಿ.”